ಅಂಗಳದ ಗರಿಕೆ

ನನ್ನ ಅಪ್ಪನಿಗೆ ತಲೆ ಕೆಟ್ಟಿದೆ ಎಂದು ಊರಿನವರು ತೀರ್ಮಾನಿಸಿದ್ದು ಎಪ್ಪತ್ತೆಂಟರ ಮಳೆಗಾಲದಲ್ಲಿ. ವೈ.ಎನ್.ಹೊಸಕೋಟೆ ಕಡೆಯ ಕಡಲೆಕಾಯಿ ಹೊಲಗಳಿಗೆ ಗರಿಕೆ ಎಂದರೆ ದಾಯಾದಿ ಇದ್ದ ಹಾಗೆ; ಎಷ್ಟು ಓಡಿಸಿದರೂ ಪಾಲು ಕೇಳಿಕೊಂಡು ಮತ್ತೆ ಬರುತ್ತದೆ. ಅಂಥ ಗರಿಕೆಯನ್ನು ಅಪ್ಪ ಹೊಲದಿಂದ ಹೊರೆ ಕಟ್ಟಿ ತಂದು ಮನೆ ಮುಂದೆ ನೆಡುತ್ತಿದ್ದ.

"ಏನ್ಲಾ ಮಾರಣ್ಣ, ಮುಂದಿನ ವರ್ಸ ಕಳೆ ಬಿತ್ತಿ ಕಡ್ಲೆಕಾಯಿ ಕಿತ್ತಾಕ್ತೀಯಾ?" ಎಂದ ಪಕ್ಕದ ಮನೆಯ ಪೆದ್ದಣ್ಣ. ಅಪ್ಪ ನಕ್ಕು ಇನ್ನೊಂದು ಕಡ್ಡಿ ನೆಟ್ಟ. ಪೆದ್ದಣ್ಣನ ನಾಲಗೆಗೆ ಉತ್ತರ ಕೊಡುವುದೂ ಒಂದೇ, ಬಂಡೆಗೆ ನೀರು ಹಾಕುವುದೂ ಒಂದೇ.

ಕಾರಣ ನಾನು. ಮೂರು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಪೋಲಿಯೋ ಎಂದರು ಪಾವಗಡದ ಡಾಕ್ಟರು. ದೊಡ್ಡವಳಾಗುತ್ತಾ ಬಂದರೂ ಅಂಬೆಗಾಲು ತಪ್ಪಲಿಲ್ಲ. ಮನೆಯೊಳಗೆ ಸಾರಿಸಿದ ನೆಲದ ಮೇಲೆ ನಾನೇ ರಾಣಿ. ಹೊಸ್ತಿಲು ದಾಟಿದರೆ ಗರಸು, ಅದರ ಮೇಲೆ ನೆಗ್ಗಿಲು ಮುಳ್ಳು. ಅಂಗಳದ ಆ ತುದಿಯ ಹೊಂಗೆ ಮರದ ಕೆಳಗೆ ಹುಡುಗಿಯರೆಲ್ಲ ಕಲ್ಲಾಟ ಆಡುತ್ತಿದ್ದರು. ಅಲ್ಲಿಗೆ ನಾನಾಗಿ ಹೋಗಬೇಕು, ಅದೊಂದೇ ನನ್ನ ಆಸೆ. ಯಾರಾದರೂ ಎತ್ತಿಕೊಂಡು ಹೋದರೆ ಮೂಟೆ ಇಳಿಸಿದ ಹಾಗೆ ಇಳಿಸುತ್ತಿದ್ದರು. ಆಟ ಮುಗಿದು ಎಲ್ಲರೂ ಹೋದ ಮೇಲೆ ಅವ್ವನನ್ನು ಕೂಗುತ್ತಾ ಕೂರಬೇಕು. ನಾನೇ ಹೊರಟರೆ ಅರ್ಧ ದಾರಿಗೇ ಮೊಣಕಾಲು ರಕ್ತ. "ಕೆಂಪಕ್ಕ ಅಂತ ಹೆಸರಿಕ್ಕಿದ್ದೇ ತಪ್ಪಾಯ್ತೇನೋ," ಎಂದು ಅವ್ವ ಅರಿಶಿನ ಹಚ್ಚುತ್ತಾ ಅಳುತ್ತಿದ್ದಳು.

ಅಪ್ಪ ಅಂಗಳ ಅಗೆದು, ಕಲ್ಲು ಆರಿಸಿ, ಕುರಿಗೊಬ್ಬರ ಹರಡಿದ. ಗರಿಕೆಯನ್ನು ಗಿಣ್ಣು ಗಿಣ್ಣಾಗಿ ತುಂಡು ಮಾಡಿ ಹೊಸ್ತಿಲಿನಿಂದ ಮರದವರೆಗೆ ನೆಟ್ಟು, ಬಚ್ಚಲ ನೀರನ್ನು ಅತ್ತ ತಿರುಗಿಸಿದ. ಎತ್ತರಕ್ಕೆ ಬಂದರೆ ಕುರಿಮರಿ ಕಟ್ಟಿ ಮೇಯಿಸಿ, ಆಮೇಲೆ ಹಿಕ್ಕೆ ಗುಡಿಸುತ್ತಿದ್ದ. ನಾನು ಹೊಸ್ತಿಲಲ್ಲಿ ಚಡಪಡಿಸಿದರೆ, "ಒತ್ತಾಗಿ ಹಬ್ಬೋಗಂಟ ತಡಿ ಕಣಮ್ಮ," ಎನ್ನುತ್ತಿದ್ದ.

ಆ ವರ್ಷ ಮಳೆ ಕೈಕೊಟ್ಟಿತು. ಬೇಸಿಗೆಗೆ ಅಂಗಳವೆಲ್ಲ ಒಣಗಿ ಕಂದಾಯಿತು. ಸತ್ತೇಹೋಯಿತು ಎಂದಳು ಅವ್ವ. ಅಪ್ಪ ಮಣ್ಣು ಕೆದಕಿ ಒಳಗಿನ ಬಿಳಿ ಬೇರು ತೋರಿಸಿ, "ಮನಗೈತೆ ಬುಡು," ಎಂದ. ನಿಜವೇ. ಮುಂಗಾರಿನ ಮೊದಲ ಮಳೆಗೆ ಎದ್ದ ಗರಿಕೆ ಮರದ ಬುಡದವರೆಗೆ ಒತ್ತಾಗಿ ಹಬ್ಬಲು ಇನ್ನೇನು ಸ್ವಲ್ಪ ಉಳಿದಿತ್ತು.

ಆಗ ಬಂದಳು ಹೊನ್ನಜ್ಜಿ, ಅಪ್ಪನ ತಾಯಿ. ನನ್ನ ಸೋದರತ್ತೆಯ ಅವಳಿ ಮಕ್ಕಳನ್ನು ಸಾಕಿಕೊಡಲು ಶಿರಾಕ್ಕೆ ಹೋಗಿ ವರ್ಷದ ಮೇಲಾಗಿತ್ತು. ಅಪ್ಪ ಅವ್ವ ಬಿತ್ತನೆಗೆ ಹೋಗಿದ್ದರು, ನಾನು ಒಳಗೆ ನಿದ್ದೆ ಹೋಗಿದ್ದೆ. ಅಜ್ಜಿ ಕಂಡದ್ದು ಅಂಗಳದ ತುಂಬ ಗರಿಕೆ. ಜನ್ಮವೆಲ್ಲ ಗರಿಕೆ ಕಿತ್ತ ಕೈ, ಸುಮ್ಮನಿರುತ್ತದೆಯೇ? ಚೀಲ ಇಳಿಸಿದವಳೇ ಗುದ್ದಲಿ ಹಿಡಿದಳು.

ನಾನು ಎದ್ದು ಹೊಸ್ತಿಲಿಗೆ ಬಂದಾಗ ಅಂಗಳ ಬೋಳಾಗಿತ್ತು. ಅಜ್ಜಿ ಬೆವರು ಒರೆಸಿಕೊಳ್ಳುತ್ತಾ, "ನಿಮ್ಮಪ್ಪ ಬರೋ ಹೊತ್ಗೆ ಹೆಂಗೆ ಕಿಲೀನ್ ಮಾಡಿವ್ನಿ ನೋಡು," ಎಂದಳು.

"ಅಜ್ಜಿ, ಅದು ನಂಗೆ ಅಂತ ಅಪ್ಪ ಹಾಕಿದ್ದು. ಮೊಣಕಾಲು ಕಿತ್ತೋಗ್ದಿರ್ಲಿ ಅಂತ."

ಅಜ್ಜಿ ನನ್ನ ಮೊಣಕಾಲು ನೋಡಿದಳು. ಗುದ್ದಲಿ ಬಿಟ್ಟು ಕೊಚ್ಚಿದ ಗರಿಕೆಯ ಪಕ್ಕ ಕೂತಳು.

ಸಂಜೆ ಬಂದ ಅಪ್ಪನಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಂಡಿತು. ಆದರೆ ಬೊಬ್ಬೆ ಎದ್ದ ತಾಯಿಯ ಅಂಗೈ ನೋಡಿದವನು, "ಬುಡವ್ವ, ಗರಿಕೆ ಅಲ್ವಾ," ಎಂದಷ್ಟೇ ಹೇಳಿದ.

ಅಜ್ಜಿ ಬಿಡಲಿಲ್ಲ. ತಾನೇ ಕೊಚ್ಚಿದ ತುಂಡುಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಒಂದೊಂದೇ ಮಣ್ಣಿಗೆ ಒತ್ತಿದಳು. "ಹುಟ್ಟಿದಾಗಿಂದ ನಿನ್ನ ಸಾಯಿಸೋಕೆ ನೋಡಿವ್ನಿ, ಒಂದಿನಾನೂ ಸಾಯ್ಲಿಲ್ಲ. ಈಗೇನಾರ ಸತ್ತೀಯ ಮತ್ತೆ," ಎಂದು ಗರಿಕೆಗೇ ಗದರುತ್ತಿದ್ದಳು.

ಕೊಚ್ಚಿದ್ದೇ ಒಳ್ಳೆಯದಾಯಿತೋ ಏನೋ, ಒಂದು ಗಿಣ್ಣಿದ್ದ ಕಡೆ ಹತ್ತು ಚಿಗುರಿ ಅಂಗಳ ಕಂಬಳಿ ಹಾಸಿದ ಹಾಗಾಯಿತು. ನಾನು ಮರದತ್ತ ಹೊರಟ ದಿನ ಅಜ್ಜಿ ಮುಂದೆ ಮುಂದೆ ಬಗ್ಗಿಕೊಂಡು ನೆಗ್ಗಿಲು ಮುಳ್ಳು ಆರಿಸುತ್ತಾ ಬಂದಳು. ನಾನಾಗಿಯೇ ಮರ ಮುಟ್ಟಿದೆ. ಅಜ್ಜಿ ನನ್ನ ಮೊಣಕಾಲು ಹಿಡಿದು ಸೆರಗಿನಿಂದ ಉಜ್ಜಿದಳು. ಬಣ್ಣ ಹೋಗಲಿಲ್ಲ.

"ಹಸ್ರಾಗವೆ ಕಣೇ ಕೆಂಪಿ," ಎಂದು ಅದೇ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ; ಅಷ್ಟು ಖುಷಿಯಾಗಿತ್ತು.

ಹುಡುಗಿಯರು ಜರುಗಿ ಜಾಗ ಕೊಟ್ಟರು. ಕತ್ತಲಾಗುವವರೆಗೆ ಆಡಿದೆವು. ಆಟ ಮುಗಿದ ಮೇಲೆ ಎಲ್ಲರ ಹಾಗೆ ನಾನೂ ಹೊರಟು, ಯಾರನ್ನೂ ಕೂಗದೆ, ಮನೆಗೆ ಹೋದೆ.