ಅಗ್ಗದ ಮಾತ್ರೆ

"ಅಗ್ಗದ ಮಾತ್ರೆ ತಿಂದೇ ನಮ್ಮತ್ತಿಗೆ ಹೋಗಿದ್ದು!"

ಚಟ್ಟದ ಹಗ್ಗ ಬಿಗಿಯುತ್ತಲೇ ವೆಂಕಟರಾಯಪ್ಪ ಕೂಗಿದರು. ಅಂಗಳದ ಅಳು ಗಕ್ಕನೆ ನಿಂತಿತು. ತೀರಿಕೊಂಡ ಮುನಿತಾಯಮ್ಮನ ಮಾತು ಕೇಳಿ ಅಂಥದ್ದೇ ಮಾತ್ರೆ ನುಂಗುತ್ತಿದ್ದ ಹೆಂಗಸರು ತೂಬಗೆರೆ ಪಕ್ಕದ ಆ ಊರಿನಲ್ಲಿ ಇಪ್ಪತ್ತು ಜನರಾದರೂ ಇದ್ದರು. ಎಲ್ಲರೂ ಅಲ್ಲೇ ಕೂತಿದ್ದರು.

"ಅಯ್ಯೋ, ಬೆಳಿಗ್ಗೆ ತಾನೇ ನುಂಗ್ಬಿಟ್ಟೆನಲ್ಲೇ!" ನೆರೆಮನೆಯ ಪ್ರಮೋದಾ ಎದೆ ಹಿಡಿದುಕೊಂಡಳು.

ಸೊಸೆ ಮಮತ ಹೆಣದ ತಲೆಯ ಬಳಿಯಿಂದ ಎದ್ದಳು. "ಸುಮ್ನಿರಿ ಚಿಕ್ಕಮಾವ. ಎಪ್ಪತ್ತಾರು ವರ್ಷ, ನಿದ್ದೇಲೇ ಹೋಗವ್ರೆ. ಮಾತ್ರೆ ಮೇಲೆ ಯಾಕ್ ಹಾಕ್ತೀರಾ?"

"ಅಷ್ಟು ಕಮ್ಮಿಗೆ ಕೊಡೋದ್ರಲ್ಲಿ ಏನಮ್ಮಾ ಇರ್ತದೆ? ಬರೀ ಸೀಮೆಸುಣ್ಣ!"

ಅಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತಿತು. ಹಾರ ಹಿಡಿದು ಇಳಿದವರು ದೊಡ್ಡಬಳ್ಳಾಪುರದ ಡಾಕ್ಟರ್ ಉಮಾಶಂಕರ್.

* * *

ಆರು ವರ್ಷದ ಹಿಂದೆ ಮುನಿತಾಯಮ್ಮ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುತ್ತಲೇ ಕುಸಿದಿದ್ದರು. ಆವತ್ತು ನೋಡಿದವರು ಇದೇ ಡಾಕ್ಟರು.

"ಶುಗರ್ ಹಿಂಗೇರಿದೆ. ಮಾತ್ರೆ ತಗೊಳ್ತಿದ್ದೀರಾ?"

"ತಗೋತೀನಿ ಸ್ವಾಮಿ. ಒಂದಿನ ಬಿಟ್ಟು ಒಂದಿನ."

"ಯಾಕೆ?"

"ಒಂದ್ ತಿಂಗ್ಳುದ್ದು ಎರಡ್ ತಿಂಗ್ಳು ಬರ್ಲಿ ಅಂತ." ಮುನಿತಾಯಮ್ಮ ದನಿ ಏರಿಸಿದರು. "ಜನೌಷಧಿ ಅಂಗಡೀಲಿ ಇದೇ ಔಷಧಿ ಕಮ್ಮಿಗೆ ಸಿಕ್ತದಂತೆ. ಕಂಪ್ನಿ ಹೆಸರು ಬಿಟ್ಟು ಔಷಧಿ ಹೆಸರು ಬರ್ಕೊಡಿ."

"ನನಗೇ ಹೇಳ್ಕೊಡ್ತೀರಾ?"

"ಕೇಳ್ತಿದ್ದೀನಿ ಸ್ವಾಮಿ. ದಿನಾ ತಿನ್ಲೇಬೇಕು ಅನ್ನೋರು ನೀವೇ ಅಲ್ವಾ?"

ಡಾಕ್ಟರು ಬರೆದ ಚೀಟಿ ಹರಿದು ಹೊಸದು ಬರೆದರು.

ಆ ಸಂಜೆ ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಮುನಿತಾಯಮ್ಮ ಕೂಗಿಬಿಟ್ಟರು: "ಒಂಬೈನೂರರ ಮಾತ್ರೆ ಇನ್ನೂರಕ್ಕೆ ಸಿಕ್ತು ಕಣ್ರಮ್ಮೋ! ನಿಮ್ಮಷ್ಟಕ್ಕೆ ನೀವೇ ಬದಲಾಯಿಸ್ಕೋಬೇಡಿ ಮತ್ತೆ. ಡಾಕ್ಟ್ರನ್ನ ಕೇಳಿ, ಬಿಡ್ಬೇಡಿ!" ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ಅಂಗಡಿ ಎಲ್ಲಿದೆ ಎಂದು ಕೇಳಿದ್ದ.

* * *

ಡಾಕ್ಟರು ಹಾರ ಹಾಕಿ ತಿರುಗುವಷ್ಟರಲ್ಲಿ ಪ್ರಮೋದಾ ಅಡ್ಡ ನಿಂತಳು. "ಸ್ವಾಮಿ, ಅಗ್ಗದ ಮಾತ್ರೆಯಿಂದ್ಲೇ ಹೋದ್ರಾ? ನಿಜ ಹೇಳ್ಬಿಡಿ."

"ಹದಿನೈದು ದಿನದ ಹಿಂದೆ ನೋಡಿದ್ದೆ. ಶುಗರ್ರು, ಬಿಪಿ ಎರಡೂ ನನಗಿಂತ ಚೆನ್ನಾಗಿತ್ತು ಕಣಮ್ಮಾ." ಡಾಕ್ಟರು ಜೇಬಿನಿಂದ ಮಾತ್ರೆ ಹಾಳೆ ತೆಗೆದು ಎತ್ತಿ ಹಿಡಿದರು. "ನಾನು ನುಂಗೋದೂ ಅದೇ ಅಂಗಡೀದು. ಇವರು ಜಗಳ ಆಡಿ ಬರೆಸ್ಕೊಂಡು ಹೋದ್ಮೇಲೆ ನಾನೂ ಬದಲಾಯಿಸ್ದೆ."

ಅಂಗಳದಲ್ಲಿ ಗದ್ದಲವೋ ಗದ್ದಲ. "ನಾನ್ ಹೇಳ್ಲಿಲ್ವಾ!" ಎಂದು ಒಬ್ಬಳು, "ನೋಡ್ದಾ, ನೋಡ್ದಾ!" ಎಂದು ಇನ್ನೊಬ್ಬಳು. ಪ್ರಮೋದಾ ಅಳುತ್ತಲೇ ನಕ್ಕುಬಿಟ್ಟಳು.

ವೆಂಕಟರಾಯಪ್ಪ ಹಗ್ಗ ಬಿಟ್ಟು ಡಾಕ್ಟರ ಹತ್ತಿರ ಬಂದರು. ಜೇಬಿನಿಂದ ಮಡಿಸಿದ ಚೀಟಿ ತೆಗೆದು ಮುಂದೆ ಚಾಚಿದರು.

"ನಂದು ಬಿಪಿದು ಡಾಕ್ಟ್ರೇ. ಮೂರು ತಿಂಗ್ಳಿಂದ ಅರ್ಧರ್ಧ ಮುರ್ಕೊಂಡು ತಿಂತಿದೀನಿ. ಅತ್ತಿಗೆ ಎಷ್ಟೋ ಸಲ ಕರೆದ್ರು. ಅವರ ಹಿಂದೆ ಬರೋಕೆ ಮರ್ಯಾದೆ ಅಡ್ಡ ಬಂತು. ನಂಗೂ ಔಷಧಿ ಹೆಸರು ಬರ್ಕೊಡಿ."

ಡಾಕ್ಟರು ಕಾರಿನಿಂದ ಬಿಪಿ ಯಂತ್ರ ತಂದು ಅವರ ತೋಳಿಗೆ ಪಟ್ಟಿ ಸುತ್ತಿದರು. ಅಷ್ಟರಲ್ಲೇ ಇಬ್ಬರು ಹೆಂಗಸರು ಸೆರಗು ಬಿಗಿದು ಚೀಟಿ ತರಲು ಮನೆಗೆ ಓಡಿದರು.

"ಹೊತ್ತಾಗ್ತದೆ, ಎತ್ರಪ್ಪಾ," ಎಂದು ಯಾರೋ ಹಿರಿಯರು ಗೊಣಗಿದರು.

ಮಮತ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡಿ. ಅತ್ತೆ ಕಾಯ್ತಾರೆ."

ತಮಟೆ ಕಾಯಿಸುತ್ತಿದ್ದ ಚಿನ್ನಸ್ವಾಮಿ ಬೆಂಕಿಯ ಬಳಿಯಿಂದ ಎದ್ದ. ಬಿಸಿ ತಮಟೆಯನ್ನು ಕಂಕುಳಲ್ಲಿ ಅವುಚಿ, ಪಂಚೆಯ ಗಂಟಿನಿಂದ ಒಂದು ಚೀಟಿ ಬಿಡಿಸಿಕೊಂಡು, ಡಾಕ್ಟರ ಮುಂದೆ ಬೆಳೆಯುತ್ತಿದ್ದ ಸಾಲಿನ ಕೊನೆಯಲ್ಲಿ ಹೋಗಿ ನಿಂತ.