ಗೋಡೆಯಾಚೆಯ ಹೂಂ

“ಸ್ವಿಚ್ಚು ತೆಗೆದೆಯಾ?” ಎಂದು ಕಂಪೌಂಡರು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಕೂತಲ್ಲಿಂದಲೇ ಕೇಳಿದರು.

ಗೋಡೆಯಾಚೆಯಿಂದ ಹೆಂಡತಿಯ “ಹೂಂ” ಬಂತು. ಅಷ್ಟು ಬಂದರೆ ಸಾಕು, ಅವರು ಕಣ್ಣು ಮುಚ್ಚಿಕೊಂಡು ತಂತಿಗೆ ಕೈ ಹಾಕುವವರು. ಮುಚ್ಚಿಹೋದ ಸಿನಿಮಾ ಮಂದಿರದಿಂದ ಹೊತ್ತು ತಂದ ಹಳೇ ದಪ್ಪ ಟ್ಯೂಬ್‌ಲೈಟು ಮೇಜಿನ ಮೇಲೆ ಹೆಣದ ಹಾಗೆ ಬಿದ್ದಿತ್ತು. ಹತ್ತುವುದಿರಲಿ, ಒಮ್ಮೆ ಮಿಣುಕಿಯೂ ಇರಲಿಲ್ಲ. ಚೋಕಿನ ಬದಿಯ ಸ್ಕ್ರೂ ಸಡಿಲವಾದಂತೆ ಕಂಡಿತು. ತಂತಿ ಹಿಡಿಯುವ ಮೊದಲು ಅದನ್ನಿಷ್ಟು ಬಿಗಿ ಮಾಡೋಣವೆಂದು ಟೆಸ್ಟರಿನ ತುದಿ ತಾಗಿಸಿದರು. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತು.

ಎಡಗೈ ತಂತಿಯಿಂದ ಎರಡು ಬೆರಳು ದೂರದಲ್ಲಿ ನಿಂತುಬಿಟ್ಟಿತು.

ಕ್ಲಿನಿಕ್ಕಿನ ಕೆಲಸ ಅವರಿಗೆ ಹೊಟ್ಟೆಪಾಡು, ಜೀವವೆಲ್ಲ ಇದರಲ್ಲಿ. ಯಾರೋ ಎಸೆದ ಟ್ಯೂಬು, ಇನ್ಯಾರೋ ಎಸೆದ ಚೋಕು ತಂದು, ಇದಕ್ಕೆ ಅದನ್ನು ಗಂಟು ಹಾಕಿ ಏನಾಗುತ್ತದೆಂದು ನೋಡುವುದು. ಎರಡು ವರ್ಷದ ಹಿಂದೆ ಹೀಗೇ ನೋಡಲು ಹೋಗಿ ಕರೆಂಟು ಹೊಡೆದು ಬೀರುವಿನ ಮೇಲೆ ಬಿದ್ದಿದ್ದರು. ಅಂದಿನಿಂದ ಹೆಂಡತಿಯದೊಂದು ಕಾನೂನು: ಮೇಜಿನ ಲೈನಿಗೆ ಒಂದೇ ಸ್ವಿಚ್ಚು, ಅದು ಅಡುಗೆಮನೆಯಲ್ಲಿ, ಅವಳ ಕೈಕೆಳಗೆ. ಹಾಕಬೇಕಾದಾಗ ಇವರು ಬಾಗಿಲಿಗೆ ಬಂದು ಹೇಳುವುದು, ತೆಗೆಯಬೇಕಾದಾಗ ಕೂತಲ್ಲಿಂದ ಕೂಗುವುದು. ಅವಳ ಕಿವಿಯೂ ಅಂಥದ್ದೇ ಇತ್ತು. ಚೋಕು ಗುಂಯ್‌ಗುಟ್ಟುವುದನ್ನು ಆಚೆಯಿಂದಲೇ ಕೇಳಿ “ಇದು ವಾರ ಬಾಳಲ್ಲ” ಅಂದರೆ ಬಾಳುತ್ತಿರಲಿಲ್ಲ. ಈಚೆಗೆ ಕೇಳಿದಾಗಲೆಲ್ಲ “ಚೆನ್ನಾಗಿದೆ” ಎನ್ನುತ್ತಿದ್ದಳು. ಒಳ್ಳೇ ಚೋಕು ಆರಿಸಿ ತರುವುದರಲ್ಲಿ ತನ್ನ ಕೈ ಪಳಗಿತೆಂದು ಕಂಪೌಂಡರು ಹಿಗ್ಗಿದ್ದರು.

“ತೆಗೆದೆಯೇನೇ?”

“ಹೂಂ.”

ಕೆಂಪು ದೀಪ ಹಾಗೇ ಇತ್ತು. ಅವರಿಗೆ ಮೈಯೆಲ್ಲ ಉರಿಯಿತು. ಮಂಚದ ಕೆಳಗೆ ತುಂಬಿದ ಟ್ಯೂಬುಗಳ ವಿಷಯಕ್ಕೆ ಬೆಳಿಗ್ಗೆ ಜಗಳವಾಗಿತ್ತು, ನಿಜ. ಅವಳನ್ನು ಸಮಾಧಾನ ಮಾಡಲೆಂದೇ, ಅವಳು ಆರು ತಿಂಗಳಿಂದ ಹೇಳುತ್ತಿದ್ದ ರಬ್ಬರ್ ಮ್ಯಾಟು ತಂದು ಕುರ್ಚಿಯ ಕೆಳಗೆ ಹಾಸಿದ್ದರು. ಅದಕ್ಕೆ ಇದೇ ಉಡುಗೊರೆಯೇ? ಸಿಟ್ಟಿದ್ದರೆ ಊಟಕ್ಕೆ ಉಪ್ಪು ಹೆಚ್ಚು ಹಾಕಬಹುದು, ಪ್ರಾಣದ ಜೊತೆ ಆಟವೇ?

“ನಾನು ಸತ್ತೆ ಕಣೇ,” ಎಂದರು.

“ಹೂಂ.”

ಗಂಟಲು ಒಣಗಿ ಕೆಮ್ಮು ಬಂತು. ಸುಮ್ಮನೆ ಒಂದು ಕೆಮ್ಮು.

“ಹೂಂ,” ಎಂದಳು ಆಚೆಯಿಂದ, ಅದೇ ಸಮಾಧಾನದಲ್ಲಿ.

ಸಿಟ್ಟು ಇಳಿದು ಆ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಎದ್ದು ಹೋಗಿ ನೋಡಿದರೆ, ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನೆಲ ನೋಡುತ್ತ ನಿಂತಿದ್ದಳು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ. ಇವರು ಪಕ್ಕಕ್ಕೆ ಬಂದದ್ದೂ ತಿಳಿಯಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು.

“ಎಷ್ಟು ದಿನದಿಂದ?”

ಅವಳು ಇವರ ಮುಖ ನೋಡಿದಳು. ಸುಳ್ಳು ಹೇಳಲು ಬಾಯಿ ತೆರೆದು, ಆಮೇಲೆ ಬಿಟ್ಟಳು.

“ಒಂದು ವರ್ಷ ಆಯ್ತು. ನಿಮ್ಮ ದನಿ ಗೊತ್ತಾಗುತ್ತೆ, ಮಾತು ಗೊತ್ತಾಗಲ್ಲ. ಏನೋ ಹೇಳ್ತಿದ್ದೀರಿ ಅಂತ ಹೂಂ ಅಂತೀನಿ.”

“ಮತ್ತೆ ತೆಗೀತಿದ್ದೆಯಲ್ಲ?”

“ತಂತಿ ಮುಟ್ಟೋಕೆ ಮುಂಚೆ ನೀವು ಕುರ್ಚಿ ಎಳ್ಕೋತೀರಿ. ಅದು ನೆಲದಲ್ಲಿ ಕಾಲಿಗೆ ತಿಳಿಯುತ್ತೆ. ಆಗ ತೆಗೀತೀನಿ.” ಸ್ವಲ್ಪ ತಡೆದು ಕೇಳಿದಳು, “ಇವತ್ತು ಎಳೆಯಲೇ ಇಲ್ವಲ್ಲ?”

ಕಂಪೌಂಡರು ರಬ್ಬರ್ ಮ್ಯಾಟಿನ ಮಾತು ಎತ್ತಲಿಲ್ಲ. ಅವಳೇ ಬಗ್ಗಿ ಕೋಣೆಯೊಳಗೆ ನೋಡಿದಳು, ಕುರ್ಚಿಯ ಕಾಲಿನವರೆಗೂ ನೋಡಿದಳು. ಮುಖ ಬಿಳುಚಿಕೊಂಡಿತು.

“ಹೇಳಬಾರದಾಗಿತ್ತೇನೇ?”

“ಹೇಳಿದ್ರೆ ಇಲ್ಲಿಗೆ ಬೇರೆ ಯಾರನ್ನೋ ನಿಲ್ಲಿಸ್ತಿದ್ರಿ. ಇಲ್ಲ, ಒಬ್ರೇ ಮಾಡ್ಕೊಳ್ತಿದ್ರಿ. ನನಗೇನು ಉಳೀತಿತ್ತು? ಎದುರಿಗಿದ್ರೆ ತುಟಿ ನೋಡಿ ಹೇಗೋ ತಿಳ್ಕೋತೀನಿ. ಅದಕ್ಕೂ ಈ ನಿಮ್ಮ ಪೊರಕೆ ಮೀಸೆ ಅಡ್ಡ.”

ಕಂಪೌಂಡರು ಸ್ವಿಚ್ಚು ತೆಗೆದರು. ಮೇಜನ್ನು ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಎಳೆದು ತಂದರು.

“ಓಡಾಡೋದು ಹೇಗೆ?” ಎಂದಳು.

“ಹಾರ್ಕೊಂಡು,” ಎಂದು ಬಚ್ಚಲಿಗೆ ಹೋದರು.

ಬಹಳ ಹೊತ್ತು ನೀರಿನ ಸದ್ದಾಯಿತು. ಹೊರಬಂದಾಗ ಮೂವತ್ತೈದು ವರ್ಷದ ಮೀಸೆ ಇರಲಿಲ್ಲ. ಮೇಲ್ತುಟಿ ಬೇರೆ ಯಾರದೋ ಮುಖದಿಂದ ತಂದಂತೆ ಬೆಳ್ಳಗಿತ್ತು, ಒಂದು ಕಡೆ ಬ್ಲೇಡು ತಾಗಿ ರಕ್ತ ಜಿನುಗುತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಅವರು ವಿಚಾರಿಸಲು ಹೋಗಲಿಲ್ಲ. ಮೇಜಿನ ಆಚೆ ಕೂತು ಬೇರೊಂದು ಟ್ಯೂಬು ಸಿಕ್ಕಿಸಿ, ಹಾಕೆಂದು ಹೇಳಿದರು. ಟ್ಯೂಬು ಎರಡು ಸಲ ಮಿಣುಕಿ ಹತ್ತಿಕೊಂಡಿತು.

ಅವಳು ದೀಪ ನೋಡಲಿಲ್ಲ. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಅವರ ತುಟಿಯನ್ನೇ ನೋಡುತ್ತಿದ್ದಳು. ಕಂಪೌಂಡರು ದನಿ ಹೊರಡಿಸದೆ, ಬರೀ ತುಟಿಯಲ್ಲಿ, “ತೆಗಿ” ಎಂದರು.

ದೀಪ ಆರಿತು. ಅವರು ಕೈ ಚಾಚಿ ತಂತಿ ಹಿಡಿದರು.