ಬಯಲು ಗಾಲಿಯ ಕಾರು

ಅಳಿಯನಿಗೆ ಎದುರು ಮಾತಾಡಬಾರದು ಎಂಬುದು ಕಸ್ತೂರೆವ್ವನ ಮನೆಯಲ್ಲಿ ಗೋಡೆಯಷ್ಟೇ ಗಟ್ಟಿಯಾದ ಮಾತು. ಅಳಿಯ ಉಪ್ಪಿಲ್ಲದ ಸಾರನ್ನು ಹೊಗಳಿದರೆ ಮನೆಮಂದಿಯೆಲ್ಲ ಹೊಗಳಬೇಕು. ಅಳಿಯ ಹಗಲನ್ನು ರಾತ್ರಿ ಅಂದರೆ ಎದ್ದು ದೀಪ ಹಾಕಬೇಕು. ಮಗಳು ಕಾಂಚನಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಾಗಿನಿಂದ ಅವಳ ತಮ್ಮ ವೀರು ಈ ಮಾತನ್ನು ನಡೆಸಿಕೊಂಡೇ ಬಂದಿದ್ದ. ಅಕ್ಕನ ಗಂಡ ಅಪ್ಪುಮಾಮಾ ಹಬ್ಬಕ್ಕೆ ಬರುತ್ತಿದ್ದ, ಹೋಳಿಗೆ ಉಣ್ಣುತ್ತಿದ್ದ, ಊರ ಸುದ್ದಿಯನ್ನೆಲ್ಲ ಹೇಳಿ ಎಲ್ಲರನ್ನೂ ನಗಿಸಿ ಹೋಗುತ್ತಿದ್ದ. ಅಲ್ಲಿಯವರೆಗೆ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಮಾಮಾ ಮತ್ತು ವೀರು ಕೂಡಿ ಕಾರು ಕಟ್ಟಲು ಹೊರಟ ಮೇಲೆ.

ಒಂದು ದೀಪಾವಳಿಯ ಮಧ್ಯಾಹ್ನ ಮಾಮಾ ಉಂಡು ಎಲೆಯಡಿಕೆ ಹಾಕಿಕೊಂಡವನು ಮೊಬೈಲು ತೆಗೆದು ಒಂದು ಕಾರು ತೋರಿಸಿದ. ಬಾಗಿಲಿಲ್ಲ, ಮೇಲೆ ತಗಡಿಲ್ಲ. ಉದ್ದ ಮೂಗು, ನಾಲ್ಕೂ ಗಾಲಿ ಮೈಯಿಂದ ಹೊರಗೆ ಬಯಲಿಗೆ ಚಾಚಿಕೊಂಡಿವೆ. ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಮಿಡತೆಯ ಹಾಗೆ ಇತ್ತು.

"ಇದನ್ನ ಮನ್ಯಾಗ ಕಟ್ತಾರಂತಲೇ ವೀರು. ಪೈಪು, ಬೋಲ್ಟು, ನಕ್ಷೆ ಎಲ್ಲಾ ಒಂದ ಪೆಟ್ಟಿಗ್ಯಾಗ ಕಳಸ್ತಾರಂತ. ಇಂಜಿನ್ ನಾವು ಹುಡುಕ್ಕೊಬೇಕು. ನಿನ್ನ ಲೇತ್ ಐತಿ, ಕೈ ಐತಿ. ನನಗ ಹುಚ್ಚ ಐತಿ. ಇನ್ನೇನ ಬೇಕು?"

ವೀರುವಿಗೆ ಬೆಟಗೇರಿಯಲ್ಲಿ ಸಣ್ಣ ಲೇತ್ ಅಂಗಡಿ. ಪಂಪಿನ ಶಾಫ್ಟು, ಮಗ್ಗದ ಹಲ್ಲುಚಕ್ರ, ಟ್ರ್ಯಾಕ್ಟರಿನ ಬುಷ್ಷು, ದಿನವಿಡೀ ಅದೇ ಕೆಲಸ. ಬೇರೆಯವರ ಯಂತ್ರಗಳ ಮುರಿದ ತುಂಡುಗಳನ್ನೇ ಜೀವಮಾನ ಇಡೀ ಮಾಡಿಕೊಟ್ಟವನಿಗೆ ಒಂದು ಇಡೀ ವಸ್ತು ತಾನೇ ಕಟ್ಟಬೇಕೆಂಬ ಆಸೆ ಒಳಗೆಲ್ಲೋ ಕೂತಿತ್ತು. ಆ ಚಿತ್ರ ಅದನ್ನು ಎಬ್ಬಿಸಿತು. ಕಟ್ಟೋಣ ಅಂದ.

ಪೆಟ್ಟಿಗೆಗಳು ಬಂದವು. ಹಳೆಯ ವ್ಯಾನೊಂದರ ಇಂಜಿನ್, ಗೇರ್‌ಬಾಕ್ಸು ಸಿಕ್ಕವು. ಹಿತ್ತಲಿನ ತಗಡಿನ ಪತ್ರಾಸ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹಾಗೆಯೇ ವೀರುವಿನ ಸಂಕಟವೂ ಶುರುವಾಯಿತು. ಅಪ್ಪುಮಾಮಾ ಪ್ರತಿ ರವಿವಾರ ಲಕ್ಷ್ಮೇಶ್ವರದ ತನ್ನ ಬೀಜ-ಗೊಬ್ಬರದ ಅಂಗಡಿ ಮುಚ್ಚಿ ಬಂದುಬಿಡುತ್ತಿದ್ದ. ಬರುವಾಗ ಮಿರ್ಚಿ-ಭಜಿ ತರುತ್ತಿದ್ದ. ಎಣ್ಣೆ ಹತ್ತಿದ ಕೈಯಲ್ಲೇ ನಟ್ಟು ಬಿಗಿಯುವ ಪಾನಾ ಹಿಡಿಯುತ್ತಿದ್ದ. ಮೆಲ್ಲಗೆ ಕೂಡಿಸಬೇಕಾದ ಪ್ಲಗ್ಗನ್ನು ಪೂರಾ ತಾಕತ್ತು ಹಾಕಿ ಬಿಗಿದು ಇಂಜಿನ್ನಿನ ತೂತಿನೊಳಗಿನ ತಿರುಪಿನ ಗೆರೆಗಳನ್ನೇ ಕೆಡಿಸಿದ. ಅದನ್ನು ಸರಿಮಾಡಲು ವೀರುವಿಗೆ ಒಂದು ವಾರ ಹಿಡಿಯಿತು. ಮೂಗಿನ ತಗಡನ್ನು ಅಳತೆ ಹಾಕದೆ ಕತ್ತರಿಸಿದ, ಅದು ಗೇಣು ಕಡಿಮೆ ಬಿತ್ತು.

ಒಮ್ಮೆ ವೀರು ಮದುವೆಗೆಂದು ಮುಂಡರಗಿಗೆ ಹೋಗಿ ಬರುವಷ್ಟರಲ್ಲಿ ಮಾಮಾ ಇಡೀ ಚೌಕಟ್ಟಿಗೆ ಕೆಂಪು ಬಣ್ಣ ಬಳಿದು ನಿಂತಿದ್ದ. ಮುಖದಲ್ಲಿ ಮದುವಣಿಗನ ಕಳೆ.

"ಹೆಂಗೈತಿ? ನಿನಗ ಹೇಳಲಾರ್ದಂಗ ಮಾಡಬೇಕಂತ ಮಾಡಿನಿ!"

ಚೌಕಟ್ಟಿನ ವೆಲ್ಡಿಂಗ್ ಇನ್ನೂ ಅರ್ಧ ಉಳಿದಿತ್ತು. ಬಣ್ಣದ ಮೇಲೆ ವೆಲ್ಡಿಂಗ್ ಹಿಡಿಯುವುದಿಲ್ಲ. ವೀರು ಏನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ಕಸ್ತೂರೆವ್ವ ಚಹಾ ಹಿಡಿದು ನಿಂತಿದ್ದಳು.

"ಚಲೋ ಆಗೇತ್ರಿ ಮಾಮಾ," ಅಂದ ವೀರು. ಮಾಮಾ ಊರಿಗೆ ಹೋದ ಮೇಲೆ ಬ್ಲೇಡು ಹಿಡಿದು ಕೂತು ಸಂದುಸಂದಿನಿಂದ ಆ ಬಣ್ಣವನ್ನು ಕೆರೆದ. ವೆಲ್ಡಿಂಗಿಗೆ ಬಂದ ಗೆಳೆಯ ವಸೀಮ ನೋಡಿ ನಕ್ಕ. "ಒಂದ್ ಮಾತ ಹೇಳಿಬಿಡಪಾ ಅವರಿಗೆ." "ನಿನಗ ಗೊತ್ತಿಲ್ಲೋ, ಅವರು ಅಳಿಯಾರು," ಅಂದು ವೀರು ಮತ್ತೆ ಕೆರೆಯತೊಡಗಿದ.

ಹೀಗೆ ನುಂಗಿದ ಮಾತುಗಳೆಲ್ಲ ಅವನ ಹೊಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿಕೊಂಡಿದ್ದವು. ಹೆಂಡತಿ ಶಾಂಭವಿ ಮುಂದೆ ಅಷ್ಟಿಷ್ಟು ಹೊರಹಾಕುತ್ತಿದ್ದ. ಆಕೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಕಡೆಗೆ, "ನನ್ ಮುಂದ ಅಂದ್ರ ಗಾಡಿ ರಿಪೇರಿ ಆಕ್ಕೈತೇನ್ರಿ?" ಅನ್ನುತ್ತಿದ್ದಳು.

ಕಾರು ನಿಧಾನವಾಗಿ ಕಾರಿನ ರೂಪಕ್ಕೆ ಬಂತು. ಉಳಿದದ್ದು ಸ್ಟೇರಿಂಗಿನ ರ್ಯಾಕು. ಡ್ರೈವರ್ ಸ್ಟೇರಿಂಗ್ ತಿರುವಿದಂತೆ ಮುಂದಿನ ಗಾಲಿಗಳನ್ನು ಆಚೀಚೆ ಎಳೆಯುವ ಹಲ್ಲಿನ ಪಟ್ಟಿ ಅದು. ಕಾದೂ ಕಾದೂ ಬಂದ ಪೆಟ್ಟಿಗೆ ಬಿಚ್ಚಿದರೆ ಅದು ಪರದೇಶದ ಮಾದರಿ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಹಾಗಾಗಿ ಸ್ಟೇರಿಂಗಿನ ದಂಡ ಸೇರುವ ಗೂಡೂ ಎಡಕ್ಕೇ ಇತ್ತು. ಇವರ ಕಾರಿನಲ್ಲಿ ಸೀಟು ಬಲಕ್ಕೆ.

ಅವತ್ತು ಮಾಮಾ ಎಂದೂ ಆಡದ ಮಾತಾಡಿದ. "ವಾಪಸ್ ಕಳಸೂಣಲೇ. ಕಳಿಸಿದಾಂವ ಬ್ಯಾರೇದು ಕೊಡ್ತಾನ. ಸ್ವಲ್ಪ ತಡಾ ಆದ್ರ ಆಗವಲ್ದ್ಯಾಕ."

ಆದರೆ ವೀರುವಿನ ತಾಳ್ಮೆ ಆ ಹೊತ್ತಿಗೆ ತಳ ಕಂಡಿತ್ತು. ಪ್ಲಗ್ಗು, ತಗಡು, ಬಣ್ಣ ಅಂತ ಇವರಿಂದ ಆದ ತಡವನ್ನೆಲ್ಲ ಸಹಿಸಿ, ಈಗ ಇವರ ಬಾಯಿಂದಲೇ 'ತಡ ಆಗಲಿ' ಎಂಬ ಉಪದೇಶ ಕೇಳಬೇಕೇ? "ಬ್ಯಾಡ್ರಿ ಮಾಮಾ. ಇದನ್ನ ಮಗಚಿ ಹಾಕಿದ್ರ ಗೂಡು ಬಲಕ್ಕ ಬರತೈತಿ, ಅಷ್ಟ," ಅಂದು ರ್ಯಾಕನ್ನು ಅಡಿಮೇಲು ಮಾಡಿ ಕೂಡಿಸಿಬಿಟ್ಟ. ಬೋಲ್ಟುಗಳು ಸರಿಯಾಗಿ ಕೂತವು. ಮಾಮಾ ಭುಜ ಕುಣಿಸಿದ.

ಮುಂದಿನ ಟಾಯರುಗಳು ಇನ್ನೂ ಬಂದಿರಲಿಲ್ಲ, ಹಾಗಾಗಿ ಸ್ಟೇರಿಂಗ್ ತಿರುವಿ ಗಾಲಿ ನೋಡುವಂತಿರಲಿಲ್ಲ. ಅವು ಬರುವ ಮೊದಲೇ ಮಾಮಾ ಗಾಡಿ ಓಡಿಸುವ ಮುಹೂರ್ತ ಇಟ್ಟ. ಹರ್ತಿಯ ಬೀಗರು, ಶಿರಹಟ್ಟಿಯ ಚಿಗವ್ವನ ಮನೆಯವರು, ಅಡರಕಟ್ಟಿಯ ತನ್ನ ಗಿರಾಕಿಗಳು, ಎಲ್ಲರಿಗೂ ಫೋನು ಹಚ್ಚಿ ಕರೆದ. ಇಂಥ ಗಾಡಿ ರಸ್ತೆಗೆ ಇಳಿಸುವಂತಿಲ್ಲ, ಅದಕ್ಕೆ ನಂಬರು ಸಿಗುವುದಿಲ್ಲ. ಅದಕ್ಕೇ ಊರ ಹೊರಗೆ ಬಾಗಿಲು ಮುಚ್ಚಿದ ಹತ್ತಿ ಜಿನ್ನಿಂಗ್ ಮಿಲ್ಲಿನ ಬಯಲನ್ನು ಕೇಳಿ ಇಟ್ಟಿದ್ದ. ವೀರುವಿಗೆ ಹೇಳಿದ್ದು ಎಲ್ಲರಿಗೂ ಹೇಳಿ ಮುಗಿದ ಮೇಲೆ.

"ಒಂದ್ ವಾರ ಓಡಿಸಿ ನೋಡಿ ಆಮ್ಯಾಲ ಮಂದೀನ್ನ ಕರೀಬೇಕಿತ್ತು," ಎಂದು ವೀರು ಶಾಂಭವಿಯ ಮುಂದೆ ಹಲ್ಲು ಕಡಿದ.

"ಅದನ್ನ ಅವರಿಗೆ ಹೇಳ್ರಿ."

ಹೇಳಲಿಲ್ಲ.

ಟಾಯರು ಬಂದದ್ದು ಮುಹೂರ್ತದ ದಿನ ಬೆಳಿಗ್ಗೆ. ಟೆಂಪೋದಿಂದ ಕಾರನ್ನು ಇಳಿಸಿ, ಬಯಲಿನಲ್ಲೇ ಗಾಲಿ ಜೋಡಿಸಿದರು. ಹೊತ್ತು ಏರಿತ್ತು, ಮಂದಿ ಬಂದು ನಿಂತಿದ್ದರು. ವೀರು ಗಾಲಿಯ ನಟ್ಟು ಬಿಗಿದು ಎದ್ದು ಕೈ ಒರೆಸಿಕೊಳ್ಳುವುದರಲ್ಲಿ ಅಪ್ಪುಮಾಮಾ ಸೀಟಿನಲ್ಲಿ ಕೂತಾಗಿತ್ತು. ಕಸ್ತೂರೆವ್ವ ಅಳಿಯನಿಗೂ ಗಾಡಿಗೂ ಕುಂಕುಮ ಹಚ್ಚಿ ಕಾಯಿ ಒಡೆದಳು. ಮೊದಲು ಓಡಿಸಬೇಕೆಂದು ಎಷ್ಟೋ ದಿನದಿಂದ ಕಾದಿದ್ದವನು ಪಕ್ಕಕ್ಕೆ ಸರಿದು ನಿಂತ. ಅದನ್ನೂ ನುಂಗಿದ.

ಇಂಜಿನ್ ಒಂದೇ ಏಟಿಗೆ ಹತ್ತಿತು. ಮಂದಿ ಹೋ ಎಂದರು. ಕಾರು ನೆಟ್ಟಗೆ ಹೊರಟಿತು. ಮುಂದೆ ಎಡಗಡೆಗೆ ಮಿಲ್ಲಿನ ಹಳೆಯ ಕಲ್ಲಿನ ಹೌದು, ಅಂದರೆ ನೀರಿನ ತೊಟ್ಟಿ, ಇತ್ತು; ಬಲಗಡೆಗೆ ಖಾಲಿ ಬಯಲು. ಮಾಮಾ ಬಯಲಿನ ಕಡೆ ತಿರುಗುತ್ತಾನೆ ಎಂದು ಎಲ್ಲರೂ ನೋಡುತ್ತಿದ್ದರು. ಕಾರು ಹೌದಿನ ಕಡೆ ಹೊರಳಿತು. ಮಾಮಾ ಗಾಬರಿಯಾಗಿ ಇನ್ನಷ್ಟು ತಿರುವಿದ. ಕಾರು ಇನ್ನಷ್ಟು ಹೌದಿನತ್ತಲೇ ನುಗ್ಗಿ ಕಲ್ಲಿಗೆ ಬಡಿಯಿತು.

ವೀರು ಓಡಿದ. ಮುಂದಿನ ಒಂದು ಗಾಲಿ ಹೊರಕ್ಕೆ ಮಡಚಿಕೊಂಡಿತ್ತು, ಅದನ್ನು ಹಿಡಿದಿದ್ದ ಪೈಪಿನ ತೋಳುಗಳು ಕಬ್ಬಿನ ಸಿಪ್ಪೆಯಂತೆ ನುಲಿದಿದ್ದವು. ಕೈಯಿಂದ ಉಜ್ಜಿ ಉಜ್ಜಿ ಹೊಳಪು ತಂದಿದ್ದ ಮೂಗು ಒಳಕ್ಕೆ ಹೋಗಿತ್ತು. ಮಾಮಾ ಎಡ ಮುಂಗೈ ಹಿಡಿದುಕೊಂಡು ಕೂತಿದ್ದ. ವೀರು ಮೊದಲು ನೋಡಿದ್ದು ಗಾಲಿಯನ್ನು. ಆಮೇಲೆ ಇಷ್ಟು ದಿನ ಪೇರಿಸಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಬಯಲ ಬಿಟ್ಟು ಹೌದಿಗೆ ಹೋಗಿ ಹಾಯ್ತೀರೆಲ್ರಿ! ಏನರ ಒಂದ ಕೆಲಸ ನೆಟ್ಟಗ ಮಾಡೀರೇನು? ನೀವು ಮುಟ್ಟಿದ್ದೆಲ್ಲಾ ಹಾಳ! ಪ್ಲಗ್ ಹಾಳ, ತಗಡ ಹಾಳ, ಈಗ ಇಡೀ ಗಾಡೀನ ಹಾಳ! ಬರೇ ಮಂದಿ ಮುಂದ ಮೆರ್ಯಾಕ ಬರ್ತೀರಿ ನೀವು!"

ಮಾಮಾನ ಮುಖ ಬಿಳಿಚಿತ್ತು. "ವೀರು, ನಾ ಬಲಕ್ಕ ತಿರುವಿದ್ನಲೇ," ಅಂದ ಮೆಲ್ಲಗೆ. ಆ ಮಾತಿಗೆ ಯಾರೂ ಕಿವಿ ಕೊಡಲಿಲ್ಲ. ಕಾಂಚನಾ ಬಂದು ಗಂಡನ ತೋಳು ಹಿಡಿದು ಎಬ್ಬಿಸಿದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಮುಂಗೈ ಎಲುಬು ಬಿರಿದಿದೆ ಅಂದರು, ಪ್ಲಾಸ್ಟರ್ ಹಾಕಿದರು. ಅಲ್ಲಿಂದಲೇ ಅವರು ಲಕ್ಷ್ಮೇಶ್ವರಕ್ಕೆ ಹೋದರು. ಕಸ್ತೂರೆವ್ವ ಮಗನಿಗೆ ಬೈಯಲಿಲ್ಲ. ಅವನೊಂದಿಗೆ ಮಾತನ್ನೇ ಬಿಟ್ಟಳು.

ಮರುದಿನ ವೀರು ಕಾರಿನ ಮೂತಿಯನ್ನು ಜಾಕ್ ಮೇಲೆ ಎತ್ತಿ, ನುಲಿದ ತೋಳುಗಳನ್ನು ಬಿಚ್ಚಲು ಕೂತ. ಉಳಿದಿದ್ದ ಇನ್ನೊಂದು ಗಾಲಿ ಅಡ್ಡ ಬರುತ್ತಿತ್ತು. ಅದನ್ನು ಸರಿಸಲೆಂದು ಕೈ ಚಾಚಿ ಸ್ಟೇರಿಂಗನ್ನು ಬಲಕ್ಕೆ ತಿರುವಿದ.

ಗಾಲಿ ಎಡಕ್ಕೆ ಹೊರಳಿತು.

ಎಡಕ್ಕೆ ತಿರುವಿದ. ಗಾಲಿ ಬಲಕ್ಕೆ ಬಂತು.

ನೆಲದ ಮೇಲೆ ಮಲಗಿ ಕೆಳಗಿನಿಂದ ರ್ಯಾಕನ್ನು ನೋಡಿದ. ನೋಡಬೇಕಾಗಿಯೂ ಇರಲಿಲ್ಲ. ಮಗುಚಿ ಕೂಡಿಸಿದಾಗ ಸ್ಟೇರಿಂಗ್ ದಂಡದ ತುದಿಯ ಹಲ್ಲುಚಕ್ರದ ಕೆಳಗಿರಬೇಕಾದ ಪಟ್ಟಿ ಅದರ ಮೇಲಕ್ಕೆ ಬಂದಿತ್ತು. ಚಕ್ರ ಒಂದು ಕಡೆ ತಿರುಗಿದರೆ ಪಟ್ಟಿ ಉಲ್ಟಾ ಓಡುತ್ತಿತ್ತು. ದಿನಾ ಹಲ್ಲುಚಕ್ರ ಕೊರೆಯುವವನಿಗೆ ಇದು ತಿಳಿಯದ ವಿಷಯವಲ್ಲ. ಅವತ್ತು ಅವನ ಕಣ್ಣೆಲ್ಲ ಮಾಮಾನ ತಪ್ಪಿನ ಮೇಲೆಯೇ ಇತ್ತು, ತನ್ನ ಕೈ ಮಾಡುತ್ತಿದ್ದುದರ ಮೇಲೆ ಇರಲಿಲ್ಲ. ಪಾನಾ ಎತ್ತಿ ಪತ್ರಾಸಿಗೆ ಒಗೆದ. ಸಪ್ಪಳಕ್ಕೆ ಶಾಂಭವಿ ಹೊರಗೆ ಬಂದಳು.

ಅವಳಿಗೆ ಎಲ್ಲ ಹೇಳಿದ. "ಫೋನ್ ಮಾಡ್ಲಿ?"

"ಅಷ್ಟ್ ಮಂದ್ಯಾಗ ಅಂದು ಫೋನಿನ್ಯಾಗ ಮುಗಸ್ತೀರಿ? ಹೋಗಿ ಬರ್ರಿ."

ಆದರೂ ಹೋಗಲು ಅವನಿಗೆ ದಿನಗಳು ಹಿಡಿದವು. ಇವತ್ತು ಅಂಗಡಿಯಲ್ಲಿ ಕೆಲಸ, ನಾಳೆ ಅಮಾಸಿ ಎಂದು ದೂಡಿದ. ತಪ್ಪು ತನ್ನದು ಎಂದು ಗೊತ್ತಿದ್ದೂ ಮಾಮಾನ ಮೇಲಿನ ಸಿಟ್ಟು ಪೂರಾ ಇಳಿದಿರಲಿಲ್ಲ, ಅದೇ ಅವನನ್ನು ಹೆಚ್ಚು ಕಾಡುತ್ತಿತ್ತು. ಮುಹೂರ್ತ ಇಡದಿದ್ದರೆ, ಮಂದಿ ಕರೆಯದಿದ್ದರೆ, ತಾನೇ ಓಡಿಸಿದ್ದರೆ... ಕಡೆಗೊಂದು ಮುಂಜಾನೆ ಬೈಕು ಹತ್ತಿದ.

ಲಕ್ಷ್ಮೇಶ್ವರದ ಅಂಗಡಿಯಲ್ಲಿ ಅಪ್ಪುಮಾಮಾ ಹಣದ ಗಲ್ಲೆಯ ಮುಂದೆ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸುತ್ತ ಬೀಜದ ಚೀಲಗಳು. ವೀರುವನ್ನು ನೋಡಿ ಹೇಳಿದ:

"ಬರ್ರಿ. ಕುಂಡ್ರಿ."

ಎಂದೂ 'ಬಾರಲೇ' ಬಿಟ್ಟು ಬೇರೆ ಅಂದವನಲ್ಲ. ಆ 'ರಿ' ವೀರುವಿನ ಎದೆಗೆ ಮೊಳೆ ಬಡಿದಂತಾಯಿತು. ಕೂರಲಿಲ್ಲ. ನಿಂತೇ ಹೇಳಿದ. "ಮಾಮಾ, ಗಾಡಿ ಉಲ್ಟಾ ತಿರಗತಿತ್ರಿ. ರ್ಯಾಕ್ ನಾನ ಮಗಚಿ ಹಾಕಿದ್ನಲ್ರಿ, ಅದಕ್ಕ. ನೀವು ಬಲಕ್ಕ ತಿರುವಿದ್ದು ಖರೆ. ತಪ್ಪು ನಂದು."

ಮಾಮಾ ಪಕ್ಕದ ಚೀಲದಿಂದ ಒಂದಿಷ್ಟು ಬೀಜ ತೆಗೆದು ಬೆರಳಲ್ಲಿ ಹೊರಳಿಸಿದ.

"ನಾ ಹುಚ್ಚನ ಆಗಿನೇನೋ ಅನ್ನಿಸಿತ್ತಲೇ ನನಗ," ಅಂದ ಕಡೆಗೆ. "ಎಡಾ ಯಾವುದು, ಬಲಾ ಯಾವುದು ಅನ್ನೂದ ತಿಳೀವಲ್ದಂಗ ಆಗಿತ್ತು. ನಿದ್ದಿ ಇಲ್ಲ." ಆಮೇಲೆ ದನಿ ಗಡುಸಾಯಿತು. "ಬೈದದ್ದು ಅಷ್ಟ್ ಮಂದಿ ಮುಂದ. ತಪ್ಪ್ ಒಪ್ಕೊಳ್ಳೂದು ಯಾರೂ ಇಲ್ಲದ ಅಂಗಡ್ಯಾಗ. ಇದು ಯಾವ ಲೆಕ್ಕ?"

ಕಾಂಚನಾ ಊಟಕ್ಕೆ ಕರೆದಳು, ಬಡಿಸಿದಳು, ಮಾತಾಡಲಿಲ್ಲ. ಹೊರಡುವಾಗ ಮಾತ್ರ ಹೊಸ್ತಿಲಲ್ಲಿ ನಿಂತು, "ಅವರು ಮೆರ್ಯಾಕ ಬರ್ತಿದ್ದಿಲ್ಲೋ ತಮ್ಮಾ. ನಿನ್ನ ಸಂಗಾಟ ಇರಾಕ ಬರ್ತಿದ್ರು," ಅಂದಳು.

ಆ ರ್ಯಾಕನ್ನು ವಾಪಸು ಕಳಿಸಿ ವೀರು ಸರಿಯಾದದ್ದಕ್ಕೆ ಕಾದ. ತೋಳುಗಳನ್ನು ಹೊಸದಾಗಿ ಮಾಡಿದ, ಮೂಗನ್ನು ಬಡಿದು ಎಬ್ಬಿಸಿದ. ಹೊಸ ರ್ಯಾಕು ಕೂಡಿಸಿ, ಗಾಲಿ ಹಾಕಿ, ಎಡಕ್ಕೂ ಬಲಕ್ಕೂ ತಿರುವಿ ತಿರುವಿ ನೋಡಿದ. ಆಮೇಲೆ ತನಗೆ ಎಲ್ಲಕ್ಕಿಂತ ಕಠಿಣವಾದ ಕೆಲಸಕ್ಕೆ ಇಳಿದ: ಹರ್ತಿ, ಶಿರಹಟ್ಟಿ, ಅಡರಕಟ್ಟಿ ಎಂದು ಅವತ್ತು ಬಂದವರಿಗೆಲ್ಲ ತಾನೇ ಫೋನು ಮಾಡಿ ಕರೆದ. ಕೆಲವರು ನಕ್ಕರು, ಕೆಲವರು ಬರುವುದಿಲ್ಲ ಅಂದರು. ಮಾಮಾ 'ನೋಡೂಣು' ಅಂದಿದ್ದ. ಆದರೆ ಬಯಲಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವನು ಅವನೇ. ಪ್ಲಾಸ್ಟರ್ ಬಿಚ್ಚಿತ್ತು.

ವೀರು ಮಂದಿಯ ಮುಂದೆ ನಿಂತ. ಆಡಬೇಕಾದ ಮಾತನ್ನು ದಾರಿಯುದ್ದ ಉರು ಹೊಡೆದಿದ್ದ. "ಎಲ್ಲಾರೂ ಕೇಳ್ರಿ. ಅವತ್ತು ಆದದ್ದರಾಗ..."

"ಅದರಾಗೇನೈತಿ ಬಿಡಲೇ!" ಎಂದು ಮಾಮಾ ಅಷ್ಟರಲ್ಲೇ ನಡುವೆ ಬಾಯಿ ಹಾಕಿದ. "ನೋಡ್ರಿ ಮತ್ತ, ಈ ಗಾಡಿ ಎಷ್ಟ್ ಹಗುರ ಅಂದ್ರ, ಇಬ್ಬರು ಹಿಡದ್ರ ಮೂತಿ ಎತ್ತಬಹುದು. ಇಂಜಿನ್ ಸಣ್ಣದಾದ್ರೂ..." ಎಂದು ಶುರು ಹಚ್ಚಿಕೊಂಡ. ಮಂದಿ ಅವನ ಸುತ್ತ ಕೂಡಿದರು. ವೀರು ಮತ್ತೆ ಬಾಯಿ ತೆರೆದ, ಮಾಮಾ ಗೇರಿನ ಬಗ್ಗೆ ಹೇಳತೊಡಗಿದ. ತಪ್ಪು ಒಪ್ಪಿಕೊಳ್ಳಲೂ ಬಿಡದ ಈ ಮನುಷ್ಯನನ್ನು ಏನು ಮಾಡಬೇಕು? ವೀರುವಿನ ತಲೆ ಬಿಸಿಯಾಯಿತು.

"ಮಾಮಾ, ಸ್ವಲ್ಪ ಬಾಯಿ ಮುಚ್ರಿ!"

ಕಸ್ತೂರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಮಾ ಕಣ್ಣು ಪಿಳುಕಿಸಿ ನಿಂತ.

"ಅವತ್ತು ತಪ್ಪು ಇವರದಲ್ಲ," ಅಂದ ವೀರು ಒಂದೇ ಉಸಿರಿಗೆ. "ಗಾಡಿ ಉಲ್ಟಾ ಕಟ್ಟಿದಾಂವ ನಾನು. ಇವರು ವಾಪಸ್ ಕಳಸೂಣು ಅಂದಿದ್ರು, ನಾ ಕೇಳಲಿಲ್ಲ. ಕೈ ಮುರಕೊಂಡವ್ರೂ ಅವರ, ಬೈಸ್ಕೊಂಡವ್ರೂ ಅವರ. ಆತಿಲ್ಲೋ? ಇನ್ನ ಮಾತಾಡ್ರಿ ಮಾಮಾ."

ಮಾಮಾ ವೀರುವಿನ ಬೆನ್ನಿಗೊಂದು ಗುದ್ದಿದ. "ಹತ್ತಲೇ ಗಾಡಿ. ಈ ಸಲ ನೀನ ಹೊಡಿ. ಹೌದಿಗೆ ಹಾಯ್ದ್ರ ನಾ ಬೈಯಾಂವ."

ವೀರು ಓಡಿಸಿದ. ಕಾರು ಬಲಕ್ಕೆಂದರೆ ಬಲಕ್ಕೆ, ಎಡಕ್ಕೆಂದರೆ ಎಡಕ್ಕೆ ಹೊರಳಿತು. ಗಾಲಿಗಳು ಕಣ್ಣೆದುರೇ ಕುಣಿಯುತ್ತ ಉರುಳುವುದು ಕಾಣುತ್ತಿತ್ತು. ಕಪ್ಪು ಧೂಳು ಬಾಯಿಗೆ, ಕಣ್ಣಿಗೆ ಹೊಕ್ಕಿತು. ಮೂರನೆಯ ಸುತ್ತಿಗೆ ಇಂಜಿನ್ ಕಾದು ನಿಂತುಬಿಟ್ಟಿತು. ಫ್ಯಾನಿನ ವೈರು ಉದುರಿತ್ತು. ಆದರೂ ಮೂರು ಸುತ್ತು ಓಡಿತ್ತು. ವೀರು ಸೀಟಿನಿಂದ ಇಳಿದ. ಕಾಂಚನಾ ನೀರಿನ ತಂಬಿಗೆ ತಂದು ಕೈಗಿತ್ತಳು. "ಮಾರಿ ತೊಳ್ಕೊ, ಕೋತಿ ಆಗೀದಿ," ಅಂದಳು.

ಮುಖ ತೊಳೆದು ತಿರುಗಿ ನೋಡಿದರೆ, ಅಪ್ಪುಮಾಮಾ ವಸೀಮನ ಕೈಯಿಂದ ಬ್ಯಾಟರಿ ಡ್ರಿಲ್ ಇಸಿದುಕೊಂಡು ಕಾರಿನ ಮೂಗಿನ ಮೇಲೆ ಬಾಗಿದ್ದ. ಝಂಡಾ ಸಿಗಿಸಲು ಅಲ್ಲೊಂದು ತೂತು ಬೇಕಂತೆ.

"ಮಾಮಾ!" ವೀರು ತಂಬಿಗೆ ಒಗೆದು ಓಡಿದ. "ಡ್ರಿಲ್ ಕೆಳಗ ಇಡ್ರಿ! ಕೆಳಗ ಇಡ್ರಿ ಅಂದ್ನಿಲ್ಲೋ!"